ಮಾವನ ಕಲ್ಲಿಗೊಂದು ಅಂಗ

ನಮ್ಮ ಮಾವನ ಹೆಸರು ನಂಜುಂಡನ್. ಈ ಹೆಸರು ಹಿಡ್ಕೊಂಡು ನೀವು ನೆಗಮಂ ಬಸ್ ಸ್ಟ್ಯಾಂಡಲ್ಲಿ ಇಳಿದು ವಿಚಾರಿಸಿ ನೋಡಿ, ಒಬ್ಬ ಮನುಷ್ಯನೂ ದಾರಿ ತೋರಿಸಲ್ಲ. ಕುಂಡಿ ನಂಜುಂಡನ್ ಮನೆ ಯಾವುದು ಅಂತ ಕೇಳಿ. ಟೀ ಅಂಗಡಿಯೋನು ಗ್ಲಾಸು ಕೆಳಗಿಟ್ಟು ರೋಡಿನ ತನಕ ಎದ್ದು ಬಂದು ಕೈ ತೋರಿಸ್ತಾನೆ. ನಾಚ್ಕೊಂಡು ಹೇಳೋ ಕಾಲ ನನಗೆ ಮುಗೀತು, ಅದಕ್ಕೇ ನೇರವಾಗಿ ಹೇಳ್ತಿದೀನಿ. ಕುಂಡಿ ಅಂದ್ರೆ ಕುಂಡಿನೇ, ಕೂರೋಕೆ ಅಂತ ದೇವರು ಕೊಟ್ಟಿರೋದು. ಕನ್ನಡದಲ್ಲೂ ಅದೇ, ತಮಿಳಲ್ಲೂ ಅದೇ. ಈ ಒಂದು ವಿಷಯದಲ್ಲಿ ಎರಡೂ ಭಾಷೆಯೋರಿಗೆ ಜಗಳ ಇಲ್ಲ.

ನಾನು ಗೋಮತಿ, ಆ ಮನೆ ಸೊಸೆ. ನಮ್ಮೋರು ಯಾವ ಕಾಲದಲ್ಲಿ ಕನ್ನಡದ ಸೀಮೆ ಬಿಟ್ಟು ಈ ಕಡೆ ಬಂದ್ರೋ ನಮಗೇ ಗೊತ್ತಿಲ್ಲ. ಮನೆ ಒಳಗೆ ಕನ್ನಡ, ಹೊಸ್ತಿಲು ದಾಟಿದ್ರೆ ತಮಿಳು. ನನಗೆ ಕನ್ನಡದ ಅಕ್ಷರ ಒಂದೂ ಬರಲ್ಲ. ಬಾಯಲ್ಲಿ ಹೇಳ್ತೀನಿ, ಬರ್ಕೊಳ್ಳೋರು ಬರ್ಕೊಳ್ಳಿ. ಮಧ್ಯೆ ಮಧ್ಯೆ ತಿದ್ದಬೇಡಿ, ನನಗೆ ಸಿಟ್ಟು ಬರುತ್ತೆ.

ಮದುವೆಯಾಗಿ ಈ ಮನೆಗೆ ಬಂದಾಗ ನಾನು ಮಾಡಿದ ಮೊದಲನೇ ಕೆಲಸ ಏನು ಅಂದ್ರೆ, ಮಾವ ಆ ಕಡೆ ತಿರುಗಿದಾಗ ನೋಡಿದ್ದು. ಎಲ್ಲ ಸೊಸೆಯರೂ ನೋಡ್ತಿದ್ರು ಬಿಡಿ, ಅಂಥ ಹೆಸರು ಇಟ್ಕೊಂಡ್ರೆ. ನೋಡಿದ್ರೆ ಅಲ್ಲಿ ಏನೂ ಇಲ್ಲ. ಒಣಕಲು ಮನುಷ್ಯ, ಪಂಚೆ ನಿಲ್ಲೋಕೇ ಬೆಲ್ಟ್ ಬೇಕಿತ್ತು. ಹಾಗಾದ್ರೆ ಹೆಸರು ಯಾಕೆ ಬಂತು ಅಂತ ಊರಲ್ಲಿ ಕೇಳಿದ್ರೆ ಬಾಯಿಗೊಂದು ಕತೆ. ನಾಯಿ ಕಚ್ಚಿತ್ತು ಅಂತ ಒಬ್ಬ. ಬಿಸಿ ಬೆಲ್ಲದ ಕೊಪ್ಪರಿಗೆ ಅಂಚಿನ ಮೇಲೆ ಕೂತ್ಬಿಟ್ಟಿದ್ರು ಅಂತ ಇನ್ನೊಬ್ಬ. ಸಿನಿಮಾ ಟೆಂಟಲ್ಲಿ ಮೊಳೆ ಚುಚ್ಚಿ ಪಿಚ್ಚರ್ ಮುಗಿಯೋ ತನಕ ಎದ್ದೇಳಲಿಲ್ಲ ಅಂತ ಮತ್ತೊಬ್ಬ. ಮಾವನನ್ನೇ ಕೇಳೋಕೆ ಆಗುತ್ತಾ? ಅತ್ತೆನ ಕೇಳಿದ್ರೆ, ಅದು ಅವರ ಹೆಸರು ಕಣಮ್ಮ, ಹೆಸರಿಗೆ ಯಾಕೆ ಕಾರಣ ಅಂತ ಬಾಯಿ ಮುಚ್ಚಿಸ್ತಿದ್ರು.

ಹೋದ ವರ್ಷ ಮಾವ ತೀರಿಕೊಂಡ್ರು. ವಯಸ್ಸಾಗಿತ್ತು, ಒಂದು ಬೆಳಗ್ಗೆ ಕಾಫಿ ಕುಡಿದು ಮಲಗಿದೋರು ಏಳಲಿಲ್ಲ. ಸುತ್ತಮುತ್ತ ಹಳ್ಳಿಗೆ ಸುದ್ದಿ ಹೇಳೋಕೆ ಆಟೋಗೆ ಮೈಕ್ ಕಟ್ಟಿ ಕಳಿಸಿದ್ವಿ. ನಮ್ಮನೆಯೋರು ಮೈಕಿನೋನಿಗೆ ಕಟ್ಟುನಿಟ್ಟಾಗಿ ಹೇಳಿದ್ರು, ರೈತ ನಂಜುಂಡನ್ ಅಂತ ಮಾತ್ರ ಹೇಳಬೇಕು ಅಂತ. ಆಟೋ ಸುತ್ತಿ ಸುತ್ತಿ ಬಂತು, ಒಂದು ನರಪಿಳ್ಳೆನೂ ಬರಲಿಲ್ಲ. ಸುತ್ತ ಎಲ್ಲ ಊರಲ್ಲೂ ಒಬ್ಬೊಬ್ಬ ನಂಜುಂಡನ್ ಇದ್ದಾನೆ, ಯಾರು ಅಂತ ಬರ್ತಾರೆ? ಕೊನೆಗೆ ಪಕ್ಕದ ತೋಟದ ಕೃಷ್ಣಸಾಮಿ ಗೌಂಡರ್, ಮಾವನ ಜೊತೆಗಾರರು, ಕೋಲೂರಿಕೊಂಡು ಆಟೋ ಹತ್ತಿ ಮೈಕ್ ಕಿತ್ಕೊಂಡು ಅಳ್ತಾ ಅಳ್ತಾ ಪೂರ್ತಿ ಹೆಸರು ಹೇಳಿದ್ರು. ಆಮೇಲೆ ನೋಡಬೇಕಿತ್ತು ಜನ. ಕಾಂಗೇಯಂ ಕಡೆಯಿಂದ ಎತ್ತಿನ ವ್ಯಾಪಾರದೋರು ಕೂಡ ವ್ಯಾನ್ ಮಾಡ್ಕೊಂಡು ಬಂದ್ರು. ನಮ್ಮನೆಯೋರು ಅಪ್ಪನ ತಲೆ ಹತ್ರ ಕೂತು ಅತ್ತಿದ್ದು ದುಃಖಕ್ಕೋ ಆ ಮೈಕಿಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗಂಡನ ಹೆಸರು ಹೇಳಬಾರದು ಅಂತಾರೆ, ಹೇಳಿಬಿಡ್ತೀನಿ: ಸತೀಶ್ ಕುಮಾರ್. ತಿರುಪ್ಪೂರಲ್ಲಿ ಬನಿಯನ್ ಕಂಪ್ನಿ ಇಟ್ಟಿದ್ದಾರೆ. ಅಲ್ಲಿ ಅವರು ಎಸ್.ಕೆ. ಸಾರ್. ಇಲ್ಲಿ ಸ್ಕೂಲಲ್ಲಿ ಓದುವಾಗ ಕುಂಡಿ ಮಗ ಆಗಿದ್ರು. ಮೇಷ್ಟ್ರು 'ಕೂತ್ಕೊ' ಅಂದ್ರೆ ಕ್ಲಾಸ್ ಪೂರ್ತಿ ನಗೋದಂತೆ, 'ಎದ್ದೇಳು' ಅಂದ್ರೂ ನಗೋದಂತೆ. ಬೆಂಚಿನ ಮೇಲೆ ಅಂಟು ಹಾಕಿ ಇಡೋರಂತೆ. ಪಾಪ, ತಿರುಪ್ಪೂರಿಗೆ ಹೋಗಿದ್ದು ಬನಿಯನ್ ಮೇಲಿನ ಆಸೆಗಲ್ಲ, ಈ ಹೆಸರಿಂದ ಓಡಿ ಹೋಗೋಕೆ. ಅದನ್ನ ನನಗೆ ಮದುವೆಯಾಗಿ ತುಂಬ ದಿನ ಆದ ಮೇಲೆ ಹೇಳಿದ್ರು, ಅದೂ ಲೈಟ್ ಆರಿಸಿ.

ಮಾವನನ್ನ ನಮ್ಮ ತೆಂಗಿನ ತೋಟದ ಮೂಲೇಲೇ ಮಣ್ಣು ಮಾಡಿದ್ವಿ. ವರ್ಷದ ತಿಥಿ ಹೊತ್ತಿಗೆ ಅಲ್ಲೊಂದು ಕಲ್ಲು ನಿಲ್ಲಿಸಬೇಕು ಅಂತ ನಮ್ಮನೆಯೋರು ತಿರುಮುರುಗನ್‌ಪೂಂಡಿಯಲ್ಲಿ ಶಿಲ್ಪಿ ಸೆಂದಿಲ್‌ಕುಮಾರ್ ಅನ್ನೋನಿಗೆ ಹೇಳಿ ಬಂದ್ರು. ಒಳ್ಳೆ ಕರಿ ಕಲ್ಲು. ಮೇಲೆ ಹೆಸರು, ಹುಟ್ಟಿದ್ದು, ತೀರಿಕೊಂಡಿದ್ದು, ಅಷ್ಟೇ. ಬರೆಸಿದ್ದನ್ನ ಅತ್ತೆಗೆ ಓದಿ ಹೇಳಿದ್ರು. ಅತ್ತೆ, ಕಾಳಿಯಮ್ಮ ಅವರ ಹೆಸರು, ಎಂಬತ್ತು ದಾಟಿದೆ, ಕೇಳಿಸ್ಕೊಂಡು ಇದು ಯಾರ ಕಲ್ಲು ಅಂದ್ರು.

ಅಪ್ಪಂದು ಅಂದ್ರು ಇವರು.

"ಅಲ್ಲ. ಅವರ ಹೆಸರು ಪೂರ್ತಿ ಇಲ್ಲ ಅದರಲ್ಲಿ. ಪೂರ್ತಿ ಹಾಕಿದ್ರೆ ನಾಳೆ ನನ್ನ ಅದರ ಪಕ್ಕ ಮಲಗಿಸು. ಇಲ್ದಿದ್ರೆ ಬೇರೆ ಎಲ್ಲಾದ್ರೂ ಹೂಳು. ಗುರುತಿಲ್ದೋರ ಪಕ್ಕ ನಾನು ಮಲಗಲ್ಲ."

ನೋಡಿ, ಅತ್ತೆ ಸುಮ್ಮನೆ ಬೆದರಿಸೋ ಜಾತಿ ಅಲ್ಲ. ಒಂದು ಸಲ ಉಪ್ಪು ಬಿಟ್ಟೆ ಅಂದ್ರೆ ಬಿಟ್ಟಂಗೆ. ಇವರು ಕಾಲು ಹಿಡಿದ್ರು, ಬೈದ್ರು, ಅತ್ರು. ತಿಥಿಗೆ ತಿರುಪ್ಪೂರಿಂದ ಕಂಪ್ನಿಯೋರೆಲ್ಲ ಬರ್ತಾರೆ, ಕಲ್ಲಿನ ಮೇಲೆ ಅದನ್ನ ಓದಿ ಏನಂದ್ಕೊತಾರೆ ಅಂತ ಕೇಳಿದ್ರು. ಅತ್ತೆ ಅವರೆಕಾಯಿ ಬಿಡಿಸ್ತಾ ಇದ್ರು, ಬಿಡಿಸ್ತಾನೇ ಇದ್ರು. ಇವರಿಗೆ ಊಟ ಸೇರಲಿಲ್ಲ. ಒಂದು ಕಡೆ ಹೆತ್ತ ತಾಯಿ ಗಂಡನ ಪಕ್ಕ ಜಾಗ ಬೇಡ ಅಂತಿದ್ದಾರೆ, ಇನ್ನೊಂದು ಕಡೆ ಚಿಕ್ಕಂದಿಂದ ಓಡ್ತಾ ಬಂದ ಮಾತನ್ನ ಕಲ್ಲಲ್ಲಿ ಕೆತ್ತಿಸಬೇಕು. ನನಗೆ ಇಬ್ಬರ ಮೇಲೂ ಕನಿಕರ, ಇಬ್ಬರ ಮೇಲೂ ಸಿಟ್ಟು.

ಆವಾಗ ನಮ್ಮ ಮಗಳು ತೆನ್ಮೊಳಿ ಮೂಗು ತೂರಿಸಿದ್ಲು. ಅವಳು ಕೋಯಮುತ್ತೂರಲ್ಲಿ ಫಿಸಿಯೋತೆರಪಿ ಓದ್ತಿದ್ದಾಳೆ. ಅವಳಿಗೆ ದೇಹದ ಒಳಗಿನ ಭಾಗಗಳ ಪಾಠ ಮಾಡೋರು ಶ್ರೀಹರ್ಷ ಅಂತ, ದಾವಣಗೆರೆ ಕಡೆ ಹುಡುಗ, ಕಣ್ಣಿಗೆ ದಪ್ಪ ಕನ್ನಡಕ. ಪಾಠ ಮಾಡುವಾಗ ಮೂಳೆಗಿಂತ ಮೂಳೆ ಹೆಸರು ಎಲ್ಲಿಂದ ಬಂತು ಅನ್ನೋದೇ ಜಾಸ್ತಿ ಹೇಳ್ತಾರಂತೆ. ಇವಳು ಹೋಗಿ ತಾತನ ಹೆಸರು ಹೇಳಿದ್ದಾಳೆ. ಅವರು ಯೋಚನೆ ಮಾಡಿ, ಅದು ಕುಂಡಿ ಆಗಿರಲಾರದು, ಗುಂಡಿಗೆ ಇರಬೇಕು ಅಂದ್ರಂತೆ. ಗುಂಡಿಗೆ ಅಂದ್ರೆ ಹೃದಯ, ಧೈರ್ಯ. ನಿಮ್ಮ ತಾತ ಗಟ್ಟಿ ಗುಂಡಿಗೆ ಮನುಷ್ಯ, ಮನೆಯೋರು ಕನ್ನಡದಲ್ಲಿ ಗುಂಡಿಗೆ ನಂಜುಂಡ ಅಂದಿದ್ದಾರೆ, ಅಕ್ಕಪಕ್ಕದ ತಮಿಳರ ಕಿವಿಗೆ ಅದು ಕುಂಡಿ ಅಂತ ಬಿದ್ದಿದೆ, ಹಂಗೇ ಉಳ್ಕೊಂಡಿದೆ.

ಈ ಮಾತು ಫೋನಲ್ಲಿ ಕೇಳಿ ನಮ್ಮನೆಯೋರು ಎದ್ದು ನಿಂತ್ರು. ಐವತ್ತು ವರ್ಷದ ಭಾರ ಯಾರೋ ಇಳಿಸಿದಂಗೆ ಮುಖ ಆಯ್ತು. ಗುಂಡಿಗೆ ಅನ್ನೋ ಮಾತು ನನಗೂ ಗೊತ್ತು, ನಮ್ಮಜ್ಜಿ ಆಡ್ತಿದ್ರು, ಈಗ ನಾವೆಲ್ಲ ನೆಂಜು ಅಂತೀವಿ, ಎದೆ ಅಂತೀವಿ. ಅಂದಿಂದ ಇವರು ಮಾವನ ಧೈರ್ಯದ ಕತೆ ಕಟ್ಟೋಕೆ ಶುರು ಮಾಡಿದ್ರು. ಕೆರಳಿದ ಕಾಂಗೇಯಂ ಹೋರಿನ ಕೊಂಬು ಹಿಡಿದು ನಿಲ್ಲಿಸಿದ್ರಂತೆ. ಕಳ್ಳರನ್ನ ಓಡಿಸಿದ್ರಂತೆ. ನಾನು ಬಾಯಿ ಕಚ್ಕೊಂಡೆ. ನಮ್ಮ ಮಾವ ಹಲ್ಲಿ ಕಂಡ್ರೆ ನನ್ನ ಕರೀತಿದ್ದ ಮನುಷ್ಯ. ಹೋರಿ ಬಂದ್ರೆ ಹೋರಿಗೇ ದಾರಿ ಬಿಡ್ತಿದ್ರು, ನಮಸ್ಕಾರ ಮಾಡಿ.

ಅತ್ತೆ ಒಪ್ಪಬೇಕಲ್ಲ. ಅದಕ್ಕೆ ಇವರು ಶ್ರೀಹರ್ಷರನ್ನ ಒಂದು ಭಾನುವಾರ ಊಟಕ್ಕೆ ಕರೆದ್ರು. ಅವರು ಮಗಳ ಜೊತೆ ಬಸ್ಸಲ್ಲಿ ಬಂದ್ರು, ಹೆಗಲಿಗೆ ಚೀಲ, ಚೀಲದಲ್ಲಿ ಕಾಲೇಜಿನ ಪ್ಲಾಸ್ಟಿಕ್ ಹೃದಯ. ಕೆಂಪು, ನೀಲಿ, ಬಿಚ್ಚಿ ಜೋಡಿಸಬಹುದು. ಬಸ್ಸಲ್ಲಿ ಸೀಟು ಸಿಗದೆ ಅದನ್ನ ಪಕ್ಕದ ಹೆಂಗಸಿನ ಮಡಿಲಲ್ಲಿ ಇಟ್ಟಿದ್ರಂತೆ. ಆಯಮ್ಮ ಮೀನೇನೋ ಅಂದ್ಕೊಂಡು ಸೆರಗಿಂದ ಮೂಗು ಮುಚ್ಕೊಂಡು ಬಂದಿದ್ದಾಳೆ. ಶ್ರೀಹರ್ಷರ ಕನ್ನಡ ಪುಸ್ತಕದ ಥರ. ಅತ್ತೆಗೆ ಕೈ ಮುಗಿದು, ತಾವು ಚೆನ್ನಾಗಿದ್ದೀರಾ ಅಂತ ಕೇಳಿದ್ರು. ಅತ್ತೆ ಹಿಂದೆ ತಿರುಗಿ ನೋಡಿ, ಇನ್ನೂ ಯಾರು ಬಂದಿದ್ದಾರೆ ಅಂತ ನನ್ನ ಕೇಳಿದ್ರು.

ಕೃಷ್ಣಸಾಮಿ ಗೌಂಡರ್ ಕೂಡ ಬಂದು ತಿಣ್ಣೆ ಮೇಲೆ ಕೂತ್ರು. ಮನೆ ಮುಂದಿನ ಜಗುಲಿಗೆ ನಾವು ತಿಣ್ಣೆ ಅಂತೀವಿ. ಶ್ರೀಹರ್ಷ ಅಂಗಳದಲ್ಲಿ ನಿಂತು ಪಾಠ ಶುರು ಮಾಡಿದ್ರು, ಹೃದಯ ಎತ್ತಿ ಹಿಡಿದು. ಕನ್ನಡದಲ್ಲಿ ಗುಂಡಿಗೆ, ತೆಲುಗಲ್ಲಿ ಗುಂಡೆ, ಎರಡೂ ಇದೇ ಅಂದ್ರು. ತಮಿಳಲ್ಲಿ ಗುಂಡಿಕ್ಕಾಯ್ ಅಂತಾರಲ್ಲ, ಅದೂ ಇದರ ನೆಂಟನೇ ಇರಬೇಕು ಅಂದ್ರು. ಕೃಷ್ಣಸಾಮಿ ಗೌಂಡರ್ ತಲೆ ಅಲ್ಲಾಡಿಸಿ, ಮಟನ್ ಅಂಗಡೀಲಿ ಗುಂಡಿಕ್ಕಾಯ್ ಕೇಳಿದ್ರೆ ಕಿಡ್ನಿ ಕೊಡ್ತಾರೆ, ಇದನ್ನ ಕೊಡಲ್ಲ ಅಂದ್ರು. ಅದೇ ಸ್ವಾರಸ್ಯ ಅಂತ ಶ್ರೀಹರ್ಷ ಮುಖ ಅರಳಿಸಿದ್ರು. ಹಳೇ ಕಾಲದಲ್ಲಿ ಕುರಿ ಸೀಳಿ ಒಳಗೆ ಗುಂಡಗೆ ಕಂಡಿದ್ದಕ್ಕೆ ಈ ಹೆಸರಿಟ್ಟಿರಬೇಕು, ಒಂದು ಕಡೆ ಹೃದಯಕ್ಕೆ ಅಂಟಿತು, ಒಂದು ಕಡೆ ಮೂತ್ರಪಿಂಡಕ್ಕೆ ಅಂಟಿತು, ಹಾಗಂತ ತಮ್ಮ ಊಹೆ ಅಂದ್ರು.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೋಳು ಸುಮ್ಮನಿರಲಾರದೆ, ಕೂರೋದೂ ಗುಂಡಗೇ ಇರುತ್ತಲ್ಲ ಸಾರ್ ಅಂದೆ. ಅವರು ಕನ್ನಡಕ ತೆಗೆದು ಒರೆಸಿ, ಬಹಳ ಹೊತ್ತು ಯೋಚಿಸಿ, ಅದನ್ನೂ ತಳ್ಳಿಹಾಕೋಕೆ ಆಗಲ್ಲ ಮೇಡಂ ಅಂದ್ರು. ನಮ್ಮನೆಯೋರು ನನ್ನ ನೋಡಿದ ನೋಟಕ್ಕೆ ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಅತ್ತೆ ಆ ಪ್ಲಾಸ್ಟಿಕ್ಕನ್ನ ಕೈಗೆ ತಗೊಂಡು ತಿರುಗಿಸಿ ನೋಡಿದ್ರು. ಒಂದು ಭಾಗ ಕಳಚಿ ಅವರೆಕಾಯಿ ಮೊರಕ್ಕೆ ಬಿತ್ತು. ಅದನ್ನ ಆರಿಸಿ ಕೊಟ್ರು. ಅತ್ತೆ ಬೇಡ ಅನ್ನಲಿಲ್ಲ, ಅಷ್ಟೇ ಸಾಕು ಅಂತ ಇವರು ಫೋನ್ ತೆಗೆದು ತಮಿಳಲ್ಲಿ ಗುಂಡಿಗೆ ನಂಜುಂಡನ್ ಅಂತ ಟೈಪ್ ಮಾಡಿ ಶಿಲ್ಪಿಗೆ ಕಳಿಸಿದ್ರು.

ಅಲ್ಲೇ ಎಡವಟ್ಟಾಯ್ತು. ತಮಿಳಲ್ಲಿ ಕ ಬೇರೆ ಗ ಬೇರೆ ಇಲ್ಲ, ಎರಡಕ್ಕೂ ಒಂದೇ ಅಕ್ಷರ. ಸೆಂದಿಲ್‌ಕುಮಾರ್ ಓದಿದ್ದು ಕುಂಡಿಗೆ ನಂಜುಂಡನ್ ಅಂತ. ವಾಪಸ್ ಫೋನ್ ಮಾಡಿದ. ಸಾರ್, ತಪ್ಪು ಬಿದ್ದಿದೆ, ತಮಿಳಲ್ಲಿ ಕುಂಡಿಕ್ಕು ಅಂತ ಬರೀಬೇಕು, ಸರಿ, ಕುಂಡಿಗೆ ನಂಜುಂಡನ್ ಏನು ಕೊಟ್ರು, ಏನಾದ್ರೂ ಕೊಡುಗೆನಾ, ಕುರ್ಚಿ ಗಿರ್ಚಿ ಮಾಡಿಸಿಕೊಟ್ಟಿದ್ರಾ ಅಂತ ಕೇಳಿದ. ಫೋನು ಸ್ಪೀಕರಲ್ಲಿತ್ತು. ಕೃಷ್ಣಸಾಮಿ ಗೌಂಡರ್ ಟವೆಲ್ ಬಾಯಿಗೆ ತುರುಕಿಕೊಂಡು ತಿಣ್ಣೆ ಮೇಲೆ ಅಡ್ಡ ಬಿದ್ರು.

ಇವರು ಸೋಲೋ ಗಿರಾಕಿ ಅಲ್ಲ. ಹಾಗಾದ್ರೆ ಕನ್ನಡ ಅಕ್ಷರದಲ್ಲೇ ಕೆತ್ತಿಸೋಣ, ಓದೋಕೆ ಯಾರಿಗೂ ಬರದಿದ್ರೂ ಪರವಾಗಿಲ್ಲ, ಅಕ್ಷರ ಸರಿಯಾಗಿರುತ್ತೆ ಅಂದ್ರು. ಓದೋಕೆ ಬರಲ್ಲ ಅನ್ನೋದೇ ಅವರಿಗೆ ಒಳ್ಳೇದಾಗಿ ಕಂಡಿತ್ತು, ನನಗೆ ಗೊತ್ತು. ಶ್ರೀಹರ್ಷ ಒಂದು ಹಾಳೆ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದ್ರು. ಜಾಗದಲ್ಲಿಟ್ಟು ನೋಡೋಣ ಅಂತ ಅತ್ತೆನ ಬಿಟ್ಟು ಎಲ್ಲರೂ ತೋಟದ ಮೂಲೆಗೆ ಹೋದ್ವಿ. ಮಾವನ ಮಣ್ಣಿನ ತಲೆ ಕಡೆ ಒಂದು ತೆಂಗಿನ ಗರಿಗೆ ಹಾಳೆ ಸಿಕ್ಕಿಸಿದ್ರು. ಇವರು ಭಕ್ತಿಯಿಂದ ಕೈ ಮುಗಿದು, ಸಾರ್, ನೀವೇ ಒಂದು ಸಲ ಜೋರಾಗಿ ಓದಿ ಅಂದ್ರು.

ಶ್ರೀಹರ್ಷ ಗಂಟಲು ಸರಿ ಮಾಡ್ಕೊಂಡು, "ಗುಂಡಿಗೆ ನಂಜುಂಡನ್" ಅಂತ ಓದಿದ್ರು. ಹಾಳೆ ನೋಡಿದ್ರು, ಕೆಳಗೆ ಮಣ್ಣು ನೋಡಿದ್ರು, ಮುಖ ಬಿಳಿಚಿಕೊಳ್ತು.

ನನಗೆ ತಕ್ಷಣ ಹೊಳೀತು. ಗುಂಡಿ ಅಂದ್ರೆ ಹಳ್ಳ. ಗುಂಡಿಗೆ ನಂಜುಂಡನ್. ಯಾರೋ ನಿಂತ್ಕೊಂಡು, ನಡಿ ಗುಂಡಿಗೆ ಅಂತ ಮಾವನನ್ನ ತಳ್ಳಿದಂಗಿತ್ತು. ಕನ್ನಡ ಬರೋರು ಯಾರು ಬಂದು ಓದಿದ್ರೂ, ಅಪ್ಪನ್ನ ಗುಂಡಿಗೆ ಹಾಕಿ ಅದನ್ನೇ ಬೋರ್ಡ್ ಬರೆಸಿದ್ದಾನಲ್ಲ ಈ ಮಗ ಅಂತಾರೆ. ಹೂಳಿದ ಜಾಗದಲ್ಲಿ ನಿಂತು ನಗಬಾರದು, ಗೊತ್ತು. ನಕ್ಕುಬಿಟ್ಟೆ. ತೆನ್ಮೊಳಿನೂ ನಕ್ಕಳು. ಮಾವ ಇದ್ದಿದ್ರೆ ಅವರೂ ನಗ್ತಿದ್ರು, ಆಮೇಲೆ ಏನು ವಿಷಯ ಅಂತ ಕೇಳ್ತಿದ್ರು.

ಇನ್ನು ಉಳಿದಿದ್ದು ಚಿತ್ರ. ಅಕ್ಷರನೇ ಬೇಡ, ಹೆಸರಿನ ಮುಂದೆ ಹೃದಯ ಕೆತ್ತಿಸೋಣ, ನೋಡೋರಿಗೆ ಗೊತ್ತಾಗುತ್ತೆ ಅಂತ ಇವರು ಹಟ ಹಿಡಿದ್ರು. ಪ್ಲಾಸ್ಟಿಕ್ ಹೃದಯದ ಫೋಟೋ ತೆಗೆದು ಕಳಿಸಿದ್ರು. ಸೆಂದಿಲ್‌ಕುಮಾರ್ ಬಹಳ ಮರ್ಯಾದೆಯಿಂದ ಕೇಳಿದ, ಸಾರ್, ಇದು ಗೆಣಸಾ, ಇಲ್ಲ ಚರ್ಮ ಸುಲಿದ ಕೋಳಿಯಾ, ಅಪ್ಪಾ ಅವರು ಕೋಳಿ ಫಾರ್ಮ್ ಇಟ್ಟಿದ್ರಾ ಅಂತ. ಇವರು ತಲೆ ಚಚ್ಚಿಕೊಂಡು, ಆಟೋ ಹಿಂದೆ ಲವ್ ಗುರುತು ಇರುತ್ತಲ್ಲ, ಅದನ್ನ ಹಾಕಪ್ಪ ಅಂದ್ರು. ಓ ಅದಾ ಅಂತ ಅವನು ಸ್ವಲ್ಪ ಹೊತ್ತಲ್ಲೇ ಸ್ಲೇಟ್ ಕಲ್ಲಿನ ಮೇಲೆ ಚಾಕ್‌ಪೀಸಲ್ಲಿ ಬರೆದು ಫೋಟೋ ಕಳಿಸಿದ.

ಫೋಟೋ ತಲೆಕೆಳಗಾಗಿ ಬಂತು. ಫೋನ್ ಹೆಂಗೆ ತಿರುಗಿಸಿದ್ರೂ ಅದೂ ತಿರುಗಿ ತಲೆಕೆಳಗೇ ನಿಲ್ಲೋದು. ಕೃಷ್ಣಸಾಮಿ ಗೌಂಡರ್ ಫೋನ್ ಇಸ್ಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಕಣ್ಣು ಒರೆಸ್ಕೊಂಡು ಮನಸಾರೆ ಹೇಳಿದ್ರು, ಈಗ ಸರಿ ಹೋಯ್ತು ಸತೀಶು, ಕುಂಡಿ ಎಷ್ಟು ಚೆನ್ನಾಗಿ ಬರೆದಿದ್ದಾನೆ ನೋಡು ಅಂತ.

ಎಲ್ಲರೂ ನೋಡಿದ್ವಿ. ಹೌದು. ಅದೇ. ಶ್ರೀಹರ್ಷ ಕೂಡ ಇಣುಕಿ ನೋಡಿ, ಈ ಗುರುತು ಎಲ್ಲಿಂದ ಬಂತು ಅನ್ನೋದಕ್ಕೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ ಅಂತ ಸಣ್ಣ ದನಿಯಲ್ಲಿ ಅಂದ್ರು.

ನಮ್ಮನೆಯೋರು ಫೋನ್ ಕಿತ್ಕೊಂಡು ಸೀದಾ ಮನೆಗೆ ಬಂದು ಅತ್ತೆ ಮುಂದೆ ನಿಂತ್ರು. ನಾವು ಹಿಂದೆ ಹಿಂದೆ ಓಡಿ ಬಂದ್ವಿ. ಅಷ್ಟು ದೊಡ್ಡ ಗಂಡಸು, ಕಂಪ್ನೀಲಿ ಅವರ ಮಾತಿಗೆ ಎದುರು ಮಾತಿಲ್ಲ, ಇಲ್ಲಿ ಸ್ಕೂಲು ಹುಡುಗನ ಥರ ನಿಂತಿದ್ರು.

"ಅವ್ವ, ಬದುಕಿರೋ ತನಕ ಊರೋರು ನಮ್ಮಪ್ಪನಿಗೆ ಅವಮಾನ ಮಾಡಿದ್ರು. ಸತ್ತ ಮೇಲೆ ನೀನೂ ಮಾಡ್ಬೇಕಾ?"

ಅತ್ತೆ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ರು. ಅವಮಾನನಾ ಅಂತ ಕೇಳಿದ್ರು. ಮಗನ ಮುಖ ನೋಡಿ, ಆಮೇಲೆ ಕೃಷ್ಣಸಾಮಿ ಗೌಂಡರ್ ಮುಖ ನೋಡಿದ್ರು. ಗೌಂಡರ್ ನಗು ನಿಲ್ಲಿಸಿ ತಲೆ ತಗ್ಗಿಸಿದ್ರು. ಅತ್ತೆ ಇನ್ನು ಮುಚ್ಚಿಟ್ಟು ಏನಾಗಬೇಕು ಅಂತ ಅಂದು, ಆ ಕತೆ ಹೇಳಿದ್ರು. ಈ ಮನೇಲಿ ಇಷ್ಟು ವರ್ಷ ಬೇಯಿಸಿ ಹಾಕಿದೀನಿ, ನಾನು ಕೇಳಿದ್ದು ಅವತ್ತೇ ಮೊದಲು.

ಅತ್ತೆಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಅವರ ಅತ್ತೆ ರಾಮಾತಾಳ್, ಅಂದ್ರೆ ನಮ್ಮನೆಯೋರನ್ನ ಎತ್ತಿ ಆಡಿಸಿದ ಅಜ್ಜಿ, ಮಗನಿಗೆ ಇನ್ನೊಂದು ಮದುವೆ ಮಾಡೋದು ಅಂತ ತೀರ್ಮಾನ ಮಾಡಿದ್ರು. ಉಡುಮಲೈ ಕಡೆ ಹೆಣ್ಣು ನೋಡಿ ಆಯ್ತು. ಎಲೆ ಅಡಿಕೆ ಬದಲಾಯಿಸೋ ದಿನ ಬಂತು. ಬಾಗಿಲಲ್ಲಿ ಗಾಡಿ ಕಟ್ಟಿ ನಿಲ್ಲಿಸಿದ್ರು, ನೆಂಟರು ಹತ್ತಿ ಕೂತ್ರು. ಅತ್ತೆ ತನ್ನ ಸೀರೆಗಳನ್ನ ಗಂಟು ಕಟ್ಕೊಂಡು ಕೊಟ್ಟಿಗೇಲಿ ನಿಂತಿದ್ರಂತೆ. ತವರಿಗೆ ಹೋಗಬೇಕೋ ಬಾವಿಗೆ ಹೋಗಬೇಕೋ ಅಂತ ಇನ್ನೂ ಗೊತ್ತು ಮಾಡಿರಲಿಲ್ಲ ಅಂದ್ರು. ಅದನ್ನ ಹೇಳುವಾಗಲೂ ಅವರ ದನಿ ಏರಲಿಲ್ಲ, ಇಳಿಯಲಿಲ್ಲ.

ಮಾವ ಹೊಸ ಪಂಚೆ ಉಟ್ಟು ಇದೇ ತಿಣ್ಣೆ ಮೇಲೆ ಕೂತಿದ್ರು. ಏಳು, ಹೊತ್ತಾಯ್ತು ಅಂದ್ರು ತಾಯಿ. ಮಾವ ಏಳಲಿಲ್ಲ. ಬರಲ್ಲ ಅಂತ ಹೇಳಿದ್ರಾ? ಹೇಳಲಿಲ್ಲ. ಬೇಡ ಅಂದ್ರಾ? ಇಲ್ಲ. ತಾಯಿಗೆ ಎದುರು ಮಾತಾಡೋ ಜೀವ ಅಲ್ಲ ಅದು. ಸುಮ್ಮನೆ ಕೂತಿದ್ರು. ಚಿಕ್ಕಪ್ಪಂದಿರು, ಜೊತೆಗಾರರು ಬಂದು ಒಬ್ಬೊಬ್ಬರು ಒಂದೊಂದು ಕೈ ಹಿಡಿದು ಎಳೆದ್ರು. ಎತ್ತಿದಾಗ ಎದ್ರು, ಬಿಟ್ಟಾಗ ಧೊಪ್ ಅಂತ ಅಲ್ಲೇ ಕೂತ್ರು. ಊಟಕ್ಕೂ ಏಳಲಿಲ್ಲ. ಬಿಸಿಲು ತಿಣ್ಣೆ ಮೇಲೆ ಬಂತು, ಹೋಯ್ತು. ಗಾಡಿಯಲ್ಲಿ ಕೂತ ನೆಂಟರು ಬೆವೆತು ಬೆವೆತು ಒಬ್ಬೊಬ್ಬರೇ ಇಳಿದ್ರು. ಕೊನೆಗೆ ರಾಮಾತಾಳ್ ತಾಳ್ಮೆ ಕೆಟ್ಟು, ನಿನ್ನ ಕುಂಡಿಗೆ ಬೇರು ಬಿಟ್ಟಿದ್ಯೇನೋ ಅಂತ ಬೀದಿ ಪೂರ್ತಿ ಕೇಳೋ ಹಾಗೆ ಕೂಗಿದ್ರು. ಎತ್ತು ಬಿಚ್ಚಿದ್ರು, ಆ ಸಂಬಂಧ ಅಲ್ಲಿಗೇ ಮುರಿದು ಬಿತ್ತು. ಮಾರನೇ ದಿನದಿಂದ ಬೀದಿಯೋರು ಆ ಹೆಸರು ಕರೆದ್ರು.

ನಿಮ್ಮಜ್ಜಿ ನಿನ್ನ ಮೇಲೆ ಪ್ರಾಣ ಇಟ್ಟಿದ್ದೋಳು, ಅವಳ ಮೇಲೆ ನಿನಗೆ ಮನಸ್ಸು ಕೆಡಬಾರದು ಅಂತ ನಾನೂ ಅವರೂ ಬಾಯಿ ಬಿಡಲಿಲ್ಲ ಅಂದ್ರು ಅತ್ತೆ. ಬೀದಿಯಲ್ಲಿ ನೋಡಿದೋರಿಗೂ ಕೇಳ್ಕೊಂಡಿದ್ರಂತೆ, ಮಗುವಿಗೆ ಹೇಳಬೇಡಿ ಅಂತ. ಅವರೆಲ್ಲ ಹೋಗಿಬಿಟ್ರು, ಉಳಿದಿರೋದು ಗೌಂಡರ್ ಒಬ್ಬರೇ.

"ಎಡಗೈ ಎಳೆದೋನು ನಾನೇ," ಅಂದ್ರು ಗೌಂಡರ್ ನೆಲ ನೋಡ್ತಾ. "ಅಷ್ಟು ಒಣಕಲು, ಅಷ್ಟು ಭಾರ."

ಅತ್ತೆ ಮಗನ ಕೈ ಹಿಡ್ಕೊಂಡ್ರು. "ಆಮೇಲೆ ನಾನು ಅವರನ್ನ ಕೇಳ್ದೆ, ನಿಮಗೆ ಅಷ್ಟು ಗುಂಡಿಗೆ ಎಲ್ಲಿಂದ ಬಂತು ಅಂತ. ಏನಂದ್ರು ಗೊತ್ತಾ? ಗುಂಡಿಗೆ ಎಲ್ಲಿತ್ತು ಕಾಳಿ, ಅದು ಏಳು ಏಳು, ಹೋಗ್ಬಿಡು ಅಂತ ಬಡ್ಕೊತಿತ್ತು, ಕುಂಡಿ ಏಳಲಿಲ್ಲ ಅಷ್ಟೇ ಅಂದ್ರು. ಗುಂಡಿಗೆ ಎಲ್ಲರಿಗೂ ಇರುತ್ತೆ ಕಣಪ್ಪ. ಈ ಸಾರ್ ಚೀಲದಲ್ಲೂ ಇದೆ. ನನಗೋಸ್ಕರ ಕೂತಿದ್ದು ಅದಲ್ಲ."

ಶ್ರೀಹರ್ಷ ಮೆಲ್ಲಗೆ ಹೃದಯನ ಬಿಚ್ಚಿ ಚೀಲದೊಳಗೆ ಇಟ್ಕೊಂಡ್ರು. ತೆನ್ಮೊಳಿ ಗೋಡೆ ಕಡೆ ತಿರುಗಿ ಅಳ್ತಿದ್ಲು. ನಾನು ಸೆರಗು ಕಚ್ಕೊಂಡೆ. ಹಲ್ಲಿಗೆ ಹೆದರೋ ಮನುಷ್ಯ ಅಂತ ಎಷ್ಟು ಸಲ ಆಡ್ಕೊಂಡಿದ್ದೆ ಅವರನ್ನ, ಹೆದರ್ತಾನೇ ಕೂತಿದ್ದ ಮನುಷ್ಯ ಅವರು. ನಮ್ಮನೆಯೋರು ಕೈ ಬಿಡಿಸ್ಕೊಂಡು ಅಂಗಳಕ್ಕೆ ಇಳಿದ್ರು. ಸಿಟ್ಟು ಮಾಡ್ಕೊಂಡು ತಿರುಪ್ಪೂರಿಗೆ ಹೊರಟ್ರೇನೋ ಅಂದ್ಕೊಂಡೆ. ಅವರು ಫೋನ್ ತೆಗೆದು ಶಿಲ್ಪಿಗೆ ಹಚ್ಚಿದ್ರು.

ನಮ್ಮ ಕಡೆ ಸಿಗ್ನಲ್ ಸರಿ ಇಲ್ಲ, ಆ ಕಡೆ ಕಲ್ಲು ಕುಯ್ಯೋ ಮಿಷಿನ್ ಸದ್ದು. ಹೃದಯ ಬೇಡ, ಬರ್ಕೊ ಅಂದ್ರು. ಅವನಿಗೆ ಕೇಳಿಸಲಿಲ್ಲ. ಕುಂಡಿ ನಂಜುಂಡನ್ ಅಂತ ಬರ್ಕೊ ಅಂದ್ರು. ಕೇಳಿಸಲಿಲ್ಲ. ಕುಂಡಿ ಅಂತ ಕೂಗಿದ್ರು. ಹಿಂದಿನಾ ಸಾರ್, ಹಿಂದೀಲಿ ಬರೀಬೇಕಾ ಅಂದ ಅವನು. ಆ ಮಾತು ಬಾಯಲ್ಲಿ ಬರದೇ ಇರೋ ಹಾಗೆ ಒಂದು ಆಯಸ್ಸು ಕಳೆದ ಮನುಷ್ಯ ಅಂಗಳದ ನಡುಮಧ್ಯೆ ನಿಂತು, ಕು ಅಂತ ಒಂದು ಸಲ, ಣ್ ಅಂತ ಒಂದು ಸಲ, ಡಿ ಅಂತ ಒಂದು ಸಲ, ಬಿಡಿಸಿ ಬಿಡಿಸಿ ಕೂಗ್ತಿದ್ರು. ಕಣ್ಣಲ್ಲಿ ನೀರು ಸುರೀತಿತ್ತು. ತೆಂಗಿನಕಾಯಿ ಕೀಳೋರು ಮರದ ಮೇಲೇ ನಿಂತು ನೋಡಿದ್ರು. ರೋಡಲ್ಲಿ ಹೋಗ್ತಿದ್ದ ಟಿವಿಎಸ್ ಗಾಡಿ ನಿಂತ್ಕೊಳ್ತು. ನನಗೆ ನಾಚಿಕೆ ಆಗಲಿಲ್ಲ. ನನ್ನ ಗಂಡನ ಮೇಲೆ ಅಷ್ಟು ಪ್ರೀತಿ ನನಗೆ ಮದುವೆ ದಿನಾನೂ ಬಂದಿರಲಿಲ್ಲ.

ಕೊನೆಗೆ ಆ ಕಡೆ ಮಿಷಿನ್ ನಿಂತ್ಕೊಳ್ತು. ಸೆಂದಿಲ್‌ಕುಮಾರ್ ದನಿ ನಮಗೆಲ್ಲ ಸ್ಪಷ್ಟವಾಗಿ ಕೇಳಿಸ್ತು. ಸಾರ್, ಬೇಜಾರು ಮಾಡ್ಕೋಬೇಡಿ, ಇದು ಕಲ್ಲು, ಆಮೇಲೆ ಅಳಿಸೋಕಾಗಲ್ಲ, ಅದಕ್ಕೆ ಕೇಳ್ತಿದೀನಿ, ಯಾರ ಕುಂಡಿ ಸಾರ್ ಇದು ಅಂದ.

"ನಮ್ಮಪ್ಪಂದು," ಅಂದ್ರು ಇವರು. "ಅವತ್ತು ಅದು ಎದ್ದಿದ್ರೆ ನಾನು ಹುಟ್ತಿರಲಿಲ್ಲ."